ಮರಿಗೆ ಹೊದಿಸಿದ ತೊಗಲು

ವೆದರ್‌ಬೋರ್ನ್, ಇಂಗ್ಲೆಂಡ್
೧೧ ಮೇ ೧೯೪೭

ಅಣ್ಣ ಮಾನಪ್ಪನಿಗೆ, ಅತ್ತಿಗೆ ಮಲಕಮ್ಮನಿಗೆ ಅಂಬವ್ವ ಮಾಡುವ ನಮಸ್ಕಾರ.

ಮೊದಲು ಇದನ್ನು ಬರೆಯುತ್ತೇನೆ: ನಾನು ಜೀವಂತ ಇದ್ದೇನೆ. ಯಾದಗಿರಿ ಸ್ಟೇಷನ್ನಿನಲ್ಲಿ ನೀನು ನಿಂತಿದ್ದ ರೀತಿ ನೋಡಿದರೆ ತಂಗಿಯನ್ನು ರೈಲಿಗೆ ಹತ್ತಿಸಿದವನ ಹಾಗಿರಲಿಲ್ಲ, ಮಣ್ಣು ಮಾಡಿ ಬಂದವನ ಹಾಗಿತ್ತು. ಹಡಗಿನಲ್ಲಿ ಹದಿನೆಂಟು ದಿನ ಕಳೆದೆವು. ಮೊದಲ ನಾಲ್ಕು ದಿನ ನನ್ನ ಹೊಟ್ಟೆಯಲ್ಲಿ ನೀರೂ ನಿಲ್ಲಲಿಲ್ಲ. ಇಂಜಿನಿಯರ್ ಸಾಹೇಬರ ಕೂಸು ಮಾತ್ರ ನನ್ನ ಹೆಗಲ ಮೇಲೆ ಅರಾಮಾಗಿ ನಿದ್ದೆ ಮಾಡಿತು. ಬೇರೆ ಯಾರು ಎತ್ತಿಕೊಂಡರೂ ಈಗಲೂ ಕಿರುಚುತ್ತದೆ. ಆ ಕಾರಣಕ್ಕೇ ಅಲ್ಲವೇ ಮೇಮ್‌ಸಾಹೇಬರು ಯಾದಗಿರಿಯ ಬಂಗಲೆಯಿಂದ ನನ್ನನ್ನು ಇಲ್ಲಿಯವರೆಗೆ ಕರೆತಂದದ್ದು.

ಇದು ಸಾಹೇಬರ ಅಪ್ಪನ ಊರು. ಸಣ್ಣದು, ನೂರು ಮನೆ ಇದ್ದಾವು. ಎಲ್ಲ ಕಲ್ಲಿನವು, ಕಲ್ಲು ನಮ್ಮ ಶಹಾಪುರದ ಗುಡ್ಡದ್ದರ ಹಾಗಲ್ಲ, ಬೆಲ್ಲದ ಬಣ್ಣ. ನೀನು ನಂಬುವುದಿಲ್ಲ, ಆದರೆ ಇದು ಕುರಿಯವರ ಊರು ಅಣ್ಣಾ. ಎತ್ತ ನೋಡಿದರೂ ಕುರಿ. ಇಲ್ಲಿಯ ಚರ್ಚು ನಮ್ಮ ಸುರಪುರದ ಅರಮನೆಗಿಂತ ಎತ್ತರವಿದೆ. ಐದು ನೂರು ವರ್ಷದ ಹಿಂದೆ ಉಣ್ಣೆಯ ವ್ಯಾಪಾರಿಗಳು ಕಟ್ಟಿಸಿದರಂತೆ. ಅದರ ನೆಲದಲ್ಲಿ ಒಬ್ಬ ವ್ಯಾಪಾರಿಯ ಚಿತ್ರವನ್ನು ಹಿತ್ತಾಳೆಯಲ್ಲಿ ಕೊರೆದು ಕೂರಿಸಿದ್ದಾರೆ. ಆ ಪುಣ್ಯಾತ್ಮ ಕೈಮುಗಿದು ನಿಂತಿದ್ದಾನೆ, ಕಾಲು ಮಾತ್ರ ಒಂದು ಕುರಿಯ ಬೆನ್ನ ಮೇಲೆ ಇಟ್ಟಿದ್ದಾನೆ. ನಮ್ಮಪ್ಪ ನೋಡಿದ್ದರೆ ದೇವರ ಮುಂದೆಯೇ ಅವನಿಗೆ ಕೋಲು ಎತ್ತುತ್ತಿದ್ದ.

ಕುರಿ ಕಾಯುವ ಮುದುಕ ಒಬ್ಬನಿದ್ದಾನೆ, ಜೋಬ್ ಎಂದು ಹೆಸರು. ಈ ಸಲದ ಚಳಿಗಾಲ ಇಲ್ಲಿ ಯಾರೂ ಕಾಣದಂಥದ್ದಂತೆ. ಹಿಮ ಆಳೆತ್ತರ ಬಿದ್ದು ಅವನ ಮುನ್ನೂರು ಕುರಿಯಲ್ಲಿ ಇನ್ನೂರು ಸತ್ತವು. ಅವನು ಅದನ್ನು ಹೇಳುವಾಗ ಟೋಪಿ ತೆಗೆದ. ನನಗೆ ಇಂಗ್ಲೀಷು ಅರ್ಧ ತಿಳಿಯಲಿಲ್ಲ, ಅಳು ಬಂತು. ಊಟದ ಸುದ್ದಿ ಕೇಳಬೇಡ. ಎಲ್ಲದಕ್ಕೂ ರೇಷನ್ ಚೀಟಿ. ವಾರಕ್ಕೆ ಒಬ್ಬರಿಗೆ ಒಂದು ತತ್ತಿ. ಯುದ್ಧ ಗೆದ್ದವರು ಇವರೇ ಅಂತೆ.

ಬಾಲಮ್ಮನನ್ನು ತೊಡೆಯ ಮೇಲೆ ಕೂರಿಸಿಕೊಂಡು ಇದನ್ನು ಓದು. ಗಂಡ ಸತ್ತ ಮೇಲೆ ಹೊಟ್ಟೆಪಾಡಿಗೆ ಐದು ವರ್ಷದ ಮಗಳನ್ನು ಬಿಟ್ಟು ಬೇರೆಯವರ ಕೂಸು ಎತ್ತಿಕೊಂಡು ಬಂದವಳು ನಾನು, ಇದನ್ನು ನನಗೆ ಯಾರೂ ಹೇಳಬೇಕಾಗಿಲ್ಲ. ಇಲ್ಲಿ ಕುರಿಗೆ ವರ್ಷಕ್ಕೆ ಒಂದೇ ಸಲ ಕತ್ತರಿ ಹಾಕುತ್ತಾರೆ. ಎರಡು ಸಲ ಕತ್ತರಿ ಬೀಳುವಷ್ಟರಲ್ಲಿ ಅವ್ವ ಬರುತ್ತಾಳೆ ಎಂದು ಅವಳಿಗೆ ಹೇಳು.

ನಿನ್ನ ತಂಗಿ
ಅಂಬವ್ವ


ಹಟ್ಟಿ, ಸುರಪುರ ತಾಲೂಕು
೨೧ ಸೆಪ್ಟೆಂಬರ್ ೧೯೪೭

ತಂಗಿ ಅಂಬವ್ವನಿಗೆ ಅಣ್ಣ ಮಾನಪ್ಪನ ಆಶೀರ್ವಾದ.

ನಿನ್ನ ಕಾಗದ ಓದಿದೆ. ಒಂದು ಸಲ ಓದಿದರೆ ಮುಗಿಯಲಿಲ್ಲ. ನಿನ್ನ ಮಗಳು ದಿನಾ ಓದಿಸುತ್ತಾಳೆ. ಊರಿನ ಗಾವಠಿ ಶಾಲೆಯ ಮಾಸ್ತರರು ನಮ್ಮಿಬ್ಬರಿಗೂ ಅಕ್ಷರ ಕಲಿಸಿದ್ದು ಒಳ್ಳೆಯದಾಯಿತು, ಇಲ್ಲವಾದರೆ ನಿನ್ನ ಮಾತು ಕೇಳಲು ದಿನಾ ಸುರಪುರಕ್ಕೆ ನಡೆಯಬೇಕಾಗಿತ್ತು. ಬಾಲಮ್ಮನ ಪ್ರಶ್ನೆ ಒಂದೇ: "ಆ ಮನಷ್ಯಾ ಕುರಿ ಮ್ಯಾಲಿನ ಕಾಲು ತಗದಾನೋ ಇಲ್ಲೋ ಕೇಳು ಮಾಮಾ." ತಪ್ಪದೆ ಉತ್ತರ ಬರಿ, ನನ್ನ ಜೀವ ಉಳಿಯಲಿ.

ಅವಳು ಚೆನ್ನಾಗಿ ಉಣ್ಣುತ್ತಾಳೆ. ಮಲಕಮ್ಮನ ಹಿಂದೆ "ಅತ್ತಿ, ಅತ್ತಿ" ಎಂದು ತಿರುಗುತ್ತಾಳೆ. ಹತ್ತು ವರ್ಷವಾದರೂ ಮಕ್ಕಳಿಲ್ಲದ ಮನೆಯಲ್ಲಿ ಒಂದು ಕೂಸಿನ ಸದ್ದು ಆಗುತ್ತಿದೆ, ಅದಕ್ಕಾಗಿ ನಿನ್ನ ಅತ್ತಿಗೆ ನಿನ್ನನ್ನು ನೆನೆಯುತ್ತಾಳೆ.

ಮಳೆ ಪರವಾಗಿಲ್ಲ. ನೂರಾ ನಲವತ್ತು ಕುರಿ ಇವೆ, ಮರಿ ಬೇರೆ. ಹೊರಗೆಲ್ಲ ಸ್ವಾತಂತ್ರ್ಯ ಬಂದಿದೆ, ಬಾವುಟ ಏರಿಸಿದ್ದಾರೆ ಎಂದು ಸೊಲ್ಲಾಪುರದಿಂದ ಬಂದ ವ್ಯಾಪಾರಿಗಳು ಯಾದಗಿರಿಯಲ್ಲಿ ಹೇಳಿದರು. ನಮ್ಮ ಕಡೆ ಬಂದಿಲ್ಲ. ನಮ್ಮದು ನಿಜಾಮರ ರಾಜ್ಯ, ಹಾಗೇ ಇದೆ. ನೀನು ಅದರ ಚಿಂತೆ ಮಾಡಬೇಡ. ನೆರೆಮನೆಯ ಮಕ್ತುಮಸಾಬ ನಿನ್ನನ್ನು ಕೇಳಿದ. ಆ ದೇಶದಲ್ಲಿ ಕಂಬಳಿ ನೇಯುವವರು ಇದ್ದಾರೋ ಎಂದು ಬರೆಯಬೇಕಂತೆ.

ಮಾನಪ್ಪ


ವೆದರ್‌ಬೋರ್ನ್
೮ ಫೆಬ್ರವರಿ ೧೯೪೮

ಅಣ್ಣನಿಗೆ ನಮಸ್ಕಾರ.

ಬಾಲಮ್ಮನಿಗೆ ಹೇಳು, ಆ ಮನುಷ್ಯ ಕಾಲು ತೆಗೆದಿಲ್ಲ. ಐದು ನೂರು ವರ್ಷದಿಂದ ತೆಗೆಯದವನು ಅವಳ ಮಾತಿಗೆ ತೆಗೆಯುತ್ತಾನೆಯೇ? ಆದರೂ ನಾನು ಭಾನುವಾರ ಹೋಗಿ ಕುರಿಯ ಬೆನ್ನು ಸವರಿ ಬಂದೆ. ಮಕ್ತುಮಸಾಬನಿಗೆ ಹೇಳು, ಕಂಬಳಿ ನೇಯುವವರು ಒಂದು ಕಾಲಕ್ಕೆ ಪ್ರತಿ ಮನೆಯಲ್ಲೂ ಇದ್ದರಂತೆ, ಈಗ ಒಬ್ಬರೂ ಇಲ್ಲ. ಉಣ್ಣೆ ಲಾರಿಯಲ್ಲಿ ಹೋಗುತ್ತದೆ, ಬಟ್ಟೆ ಬೇರೆ ಊರಿಂದ ಬರುತ್ತದೆ.

ಇಲ್ಲಿಯ ದಿನ ಹೀಗೆ: ಬೆಳಿಗ್ಗೆ ಹಾಲಿನವನು, ಆಮೇಲೆ ಸೈಕಲ್ ಮೇಲೆ ಟಪಾಲು ತರುವ ಹೆಣ್ಣುಮಗಳು, ಹತ್ತು ಗಂಟೆಗೆ ಅಂಗಡಿಯ ಮುಂದೆ ಚೀಟಿ ಹಿಡಿದ ಸಾಲು. ಸಾಲಿನಲ್ಲಿ ಯಾರೂ ನೂಕುವುದಿಲ್ಲ, ಹರಟೆ ಹೊಡೆಯುತ್ತಾರೆ. ನನ್ನ ಸೀರೆಯನ್ನು ನೋಡುವುದು ಈಗ ಬಿಟ್ಟಿದ್ದಾರೆ. ಚೌಕದಲ್ಲಿ ಒಂದು ಕಲ್ಲು ಇದೆ. ಯುದ್ಧದಲ್ಲಿ ಸತ್ತ ಊರಿನ ಹುಡುಗರ ಹೆಸರು ಅದರ ಮೇಲೆ ಕೆತ್ತಿದ್ದಾರೆ, ಮೂವತ್ತೊಂದು ಹೆಸರು. ಇಷ್ಟು ಸಣ್ಣ ಊರು. ಜೋಬನ ಇಬ್ಬರು ಮಕ್ಕಳೂ ಅದರಲ್ಲಿದ್ದಾರೆ.

ಮೊನ್ನೆ ಅವನು ಒಂದು ಹೊಲ ತೋರಿಸಿದ. ಹುಲ್ಲು, ಕುರಿ, ಮತ್ತೇನಿಲ್ಲ. ಸೂರ್ಯ ಇಳಿಯುವ ಹೊತ್ತಿಗೆ ನೋಡು ಎಂದ. ಬಿಸಿಲು ಓರೆಯಾದಾಗ ನೆಲದಲ್ಲಿ ಸಾಲು ಸಾಲು ಉಬ್ಬು ಕಂಡವು. ಅವು ಮನೆಗಳ ಗೋಡೆಯ ಬುಡ. ಹದಿನಾಲ್ಕು ಮನೆಯ ಹಳ್ಳಿ ಅಲ್ಲಿತ್ತು. ಉಣ್ಣೆಗೆ ಬೆಲೆ ಏರಿದ ಕಾಲದಲ್ಲಿ ಜಮೀನಿನ ಧಣಿಗೆ ಹುಲ್ಲುಗಾವಲು ಬೇಕಾಯಿತು, ಹದಿನಾಲ್ಕೂ ಮನೆಯವರನ್ನು ಎಬ್ಬಿಸಿ ಕಳಿಸಿದ. ನಮ್ಮಲ್ಲಿ ಕುರಿಯ ಹಿಂದೆ ಮನುಷ್ಯರು ಹೋಗುತ್ತೇವೆ, ಇಲ್ಲಿ ಕುರಿಗಾಗಿ ಮನುಷ್ಯರನ್ನೇ ಓಡಿಸಿದರು. ಅವರೆಲ್ಲ ಎಲ್ಲಿಗೆ ಹೋದರು ಎಂದು ಕೇಳಿದೆ. ಚರ್ಚಿನ ಪುಸ್ತಕದಲ್ಲಿ ಅಲ್ಲಿಯವರೆಗೆ ಹೆಸರು ಇವೆಯಂತೆ, ಮುಂದೆ ಇಲ್ಲ. ಬಾಗಿಲು ಇದ್ದಿರಬಹುದಾದ ಜಾಗದಲ್ಲಿ ನಿಂತು ಬಂದೆ. ನನಗೆ ನಮ್ಮ ಹಟ್ಟಿಯ ನೆನಪಾಗಿ ಕಾಲು ಕಿತ್ತಿಡಲು ಆಗಲಿಲ್ಲ.

ಸಾಹೇಬರ ಪೇಪರಿನಲ್ಲಿ ಹೈದರಾಬಾದಿನ ಸುದ್ದಿ ಬರುತ್ತಿದೆ. ಗಲಾಟೆ ಎನ್ನುತ್ತಾರೆ. ನೀನು ಒಂದು ಮಾತೂ ಬರೆದಿಲ್ಲ. ನನ್ನಿಂದ ಏನನ್ನೂ ಮುಚ್ಚಬೇಡ ಅಣ್ಣಾ.

ಅಂಬವ್ವ


ವೆದರ್‌ಬೋರ್ನ್
೩೦ ಆಗಸ್ಟ್ ೧೯೪೮

ಅಣ್ಣಾ,

ಇದು ನಾಲ್ಕನೆಯ ಕಾಗದ. ಉತ್ತರವಿಲ್ಲ. ಟಪಾಲಿನ ಹೆಣ್ಣುಮಗಳು ಈಗ ನನ್ನನ್ನು ನೋಡಿದೊಡನೆ ದೂರದಿಂದಲೇ ತಲೆ ಅಲ್ಲಾಡಿಸುತ್ತಾಳೆ, ನನ್ನ ನಡಿಗೆ ಉಳಿಯಲಿ ಎಂದು. ಬರೆಯಲು ಆಗದಿದ್ದರೆ ಬರಿಯ ಕಾಗದದ ಮೇಲೆ ಬಾಲಮ್ಮನ ಹೆಬ್ಬೆಟ್ಟು ಒತ್ತಿಸಿ ಕಳಿಸು. ನನಗೆ ಅಷ್ಟು ಸಾಕು.

ಅಂಬವ್ವ


ಹಟ್ಟಿ
೧೨ ಡಿಸೆಂಬರ್ ೧೯೪೮

ತಂಗಿಗೆ ಆಶೀರ್ವಾದ.

ನಿನ್ನ ಕಾಗದಗಳು ಒಟ್ಟಿಗೇ ಸಿಕ್ಕವು. ನಾವು ಊರಲ್ಲಿರಲಿಲ್ಲ. ಬೇಸಿಗೆಯ ಕೊನೆಗೆ ಗಲಾಟೆ ನಮ್ಮ ಹಟ್ಟಿಯವರೆಗೂ ಬಂತು. ಕುರಿ ಹೊಡೆದುಕೊಂಡು ಪಡುವಣಕ್ಕೆ ನಡೆದೆವು. ಗಡಿ ದಾಟಿ ತಾಳಿಕೋಟೆಯ ಆಚೆ ಒಂದು ಶಿಬಿರದಲ್ಲಿ ಐದು ತಿಂಗಳು ಇದ್ದೆವು. ಸೆಪ್ಟೆಂಬರಿನಲ್ಲಿ ಸೈನ್ಯ ಬಂತು, ನಿಜಾಮರ ರಾಜ್ಯ ಮುಗಿಯಿತು. ಈಗ ನಾವೂ ಭಾರತದವರು. ಸುರಪುರದಲ್ಲಿ ಪೇಢೆ ಹಂಚಿದರು.

ಕುರಿ ಹಾದಿಯಲ್ಲೇ ಹೋದವು. ಕೆಲವನ್ನು ಕಸಿದರು, ಕೆಲವು ಮೇವಿಲ್ಲದೆ ಸತ್ತವು. ಹೋಗುವಾಗ ಕುಂಟುವ ಹನ್ನೊಂದು ಕುರಿಯನ್ನು ಮಕ್ತುಮಸಾಬನ ಹಿತ್ತಲಲ್ಲಿ ಬಿಟ್ಟಿದ್ದೆ. ನಾವು ತಿರುಗಿ ಬಂದಾಗ ಹನ್ನೊಂದೂ ಅಲ್ಲೇ ಇದ್ದವು, ಮುಂದೆ ಮೇವು, ಬಾನಿ ತುಂಬ ನೀರು. ಮಕ್ತುಮಸಾಬ ಇರಲಿಲ್ಲ. ಸೈನ್ಯ ಬಂದ ಮೇಲೆ ಅವರ ಕಡೆಯವರ ಮೇಲೂ ಜನ ತಿರುಗಿಬಿದ್ದರು. ನಾವು ಬರುವ ಹಿಂದಿನ ದಿನವೇ ಮನೆಮಂದಿಯೊಂದಿಗೆ ಹೋದನಂತೆ, ಎಲ್ಲಿಗೆ ಎಂದು ಯಾರಿಗೂ ಗೊತ್ತಿಲ್ಲ. ಅವನ ಮನೆಯ ಬಾಗಿಲನ್ನು ನಾನೇ ಎಳೆದು ಚಿಲಕ ಹಾಕಿ ಬಂದೆ.

ಬಾಲಮ್ಮ ಅರಾಮ ಇದ್ದಾಳೆ, ಒಂದು ಗೇಣು ಎತ್ತರವಾಗಿದ್ದಾಳೆ. ಮಲಕಮ್ಮನಿಗೆ ಶಿಬಿರದಲ್ಲಿ ಸ್ವಲ್ಪ ಮೈಯಲ್ಲಿ ಸರಿಯಿರಲಿಲ್ಲ, ಈಗ ಅಡ್ಡಿಯಿಲ್ಲ. ನೀನು ಏನೂ ಚಿಂತೆ ಹಚ್ಚಿಕೊಳ್ಳಬೇಡ.

ಮಾನಪ್ಪ


ವೆದರ್‌ಬೋರ್ನ್
೨೨ ಮೇ ೧೯೪೯

ಅಣ್ಣಾ,

ನಿಮ್ಮ ಕಾಗದ ಬಂದ ದಿನ ನಾನು ಅಡಿಗೆಮನೆಯ ನೆಲದ ಮೇಲೆ ಕೂತು ಅತ್ತೆ. ಮಕ್ತುಮಸಾಬನನ್ನು ನೆನೆದು ಮತ್ತೊಮ್ಮೆ ಅತ್ತೆ. ಆದರೆ ನನ್ನ ಬಾಲಮ್ಮ ಉಳಿದಳು, ಅವಳನ್ನು ಅಷ್ಟು ದೂರ ಹೊತ್ತೊಯ್ದು ಉಳಿಸಿದವರು ನೀವು. ನಿನಗೂ ಅತ್ತಿಗೆಗೂ ನನ್ನ ಚರ್ಮದ ಚಪ್ಪಲಿ ಮಾಡಿಕೊಟ್ಟರೂ ಋಣ ತೀರದು.

ಎರಡು ಸಲ ಕತ್ತರಿ ಬಿತ್ತು, ಈಗ ಬರುತ್ತೇನೆ. ಸಾಹೇಬರಿಗೆ ಆಫ್ರಿಕಾದಲ್ಲಿ ರೈಲ್ವೆ ಕೆಲಸ ಸಿಕ್ಕಿ ಮನೆಮಂದಿ ಎಲ್ಲ ಆ ಕಡೆ ಹೊರಟರು. ನನ್ನನ್ನೂ ಕರೆದರು. ನನ್ನ ಮಗಳ ಕಡೆ ಹೋಗುತ್ತೇನೆ ಎಂದೆ. ಹಡಗಿನ ಹಾದಿಖರ್ಚನ್ನು ಪಾದ್ರಿಗಳ ಕೈಯಲ್ಲಿ ಇಟ್ಟು ಹೋಗಿದ್ದಾರೆ. ಕೂಸು ಹೋಗುವಾಗ ನನ್ನ ಸೆರಗು ಬಿಡಲಿಲ್ಲ, ಬೆರಳು ಒಂದೊಂದೇ ಬಿಡಿಸಬೇಕಾಯಿತು. ಈಗ ಜೋಬ್ ತಾತನ ಕಡೆ ಇದ್ದೇನೆ. ಬೆಚ್ಚಗಿನ ಕೋಣೆ, ಕೈತುಂಬ ಕೆಲಸ, ರಾಣಿಯ ಹಾಗಿದ್ದೇನೆ.

ಅಡ್ಡಿ ಒಂದೇ. ನನ್ನ ಪಾಸ್‌ಪೋರ್ಟಿನಲ್ಲಿ ನಿಜಾಮರ ರಾಜ್ಯದವಳು ಎಂದು ಬರೆದಿದೆ. ಆ ರಾಜ್ಯವೇ ಈಗ ಇಲ್ಲ. ಪಾದ್ರಿಗಳು ಲಂಡನ್ನಿಗೆ ಬರೆದು ಕೇಳಿದರು. ಅಂಬವ್ವ ಇಲ್ಲಿಯ ಹಟ್ಟಿಯವಳೇ, ಇಲ್ಲೇ ಹುಟ್ಟಿದವಳು ಎಂದು ಸುರಪುರದ ತಹಸೀಲಿನಿಂದ ಸಹಿ, ಸಿಕ್ಕಾ ಇರುವ ಒಂದು ಕಾಗದ ಬಂದರೆ ಆಯಿತು, ಹೊಸ ಪಾಸ್‌ಪೋರ್ಟ್ ಕೊಡುತ್ತಾರಂತೆ. ಅದೊಂದನ್ನು ಮಾಡಿಸಿ ಕಳಿಸು. ಅದು ಕೈಗೆ ಬಂದ ತಿಂಗಳೇ ನಾನು ಹಡಗು ಹತ್ತುತ್ತೇನೆ.

ಅಂಬವ್ವ


ಹಟ್ಟಿ
೧೪ ಆಗಸ್ಟ್ ೧೯೪೯

ತಂಗಿ ಅಂಬವ್ವ,

ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಯಾರ ಮುಂದಾದರೂ ಹೇಳಬೇಕು, ಹೇಳಲು ನಿನ್ನನ್ನು ಬಿಟ್ಟರೆ ನನಗೆ ಯಾರೂ ಇಲ್ಲ.

ನಾವು ಊರು ಬಿಟ್ಟಾಗ ಮಲಕಮ್ಮನಿಗೆ ಐದು ತಿಂಗಳು. ಹತ್ತು ವರ್ಷಕ್ಕೆ ಕಂಡ ಬಸಿರು. ನಿನಗೆ ಬರೆಯಲಿಲ್ಲ, ದೃಷ್ಟಿಯಾದೀತು ಎಂದು. ಶಿಬಿರದಲ್ಲಿ ಹೆಸರು ಬರೆಸುವಾಗ ತಂದೆತಾಯಿ ಇಲ್ಲದ ಮಕ್ಕಳನ್ನು ಬೇರೆ ಡೇರೆಯಲ್ಲಿ ಇಡುತ್ತಿದ್ದರು. ನಾನು ಬಾಲಮ್ಮನನ್ನು ನನ್ನ ಮಗಳು ಎಂದು ಬರೆಸಿದೆ. ಯಾರಾದರೂ ಕೇಳಿದರೆ ಇವಳು ನಿನ್ನವ್ವ ಎಂದು ಹೇಳಬೇಕು ಎಂದು ಅವಳಿಗೆ ಕಲಿಸಿದೆ. ಆಗಸ್ಟಿನಲ್ಲಿ ಮಲಕಮ್ಮ ಹೆತ್ತಳು. ಹೆಣ್ಣುಕೂಸು, ಅಳಲೇ ಇಲ್ಲ. ನಾನೇ ಒಯ್ದು ಮಣ್ಣು ಮಾಡಿದೆ. ಮಲಕಮ್ಮ ಅನ್ನ ಮುಟ್ಟದೆ ಗೋಡೆಗೆ ಮುಖ ಮಾಡಿ ಮಲಗಿದಳು, ಇವಳೂ ಹೋಗುತ್ತಾಳೆ ಎಂದುಕೊಂಡೆ. ನಾಲ್ಕನೆಯ ದಿನ ಬಾಲಮ್ಮ ರೊಟ್ಟಿ ತುಣುಕು ಹಿಡಿದುಕೊಂಡು ಹೋಗಿ, "ಅವ್ವಾ, ತಿನ್ನು" ಎಂದಳು. ಕಲಿಸಿದ ಮಾತನ್ನು ಅಂದಳೋ, ಮನಸ್ಸಿನಿಂದ ಅಂದಳೋ ಗೊತ್ತಿಲ್ಲ. ಮಲಕಮ್ಮ ಎದ್ದು ತಿಂದಳು. ಅಂದಿನಿಂದ ಅತ್ತಿ, ಮಾಮಾ ಎಂಬ ಮಾತು ಬಾಲಮ್ಮನ ಬಾಯಿಂದ ಬಂದಿಲ್ಲ. ನಿನ್ನ ಸುದ್ದಿ ಕೇಳುವುದನ್ನು ಬಿಟ್ಟಿದ್ದಾಳೆ. ನಾನೂ ನಿನ್ನ ಕಾಗದ ಅವಳ ಮುಂದೆ ಓದುವುದಿಲ್ಲ.

ನೀನು ಕೇಳಿದ ಕಾಗದ ಎಂಟೇ ದಿನದಲ್ಲಿ ಆಯಿತು. ತಹಸೀಲಿನಲ್ಲಿ ಮುನ್ಶಿ ಮನ್ಸೂರಅಲಿ ಇದ್ದಾನೆ. ಅವನ ಸ್ವಂತ ಅಣ್ಣನ ಮನೆ ಖಾಲಿ ಬಿದ್ದಿದೆ. ಅವನೇ ಬರೆದು, ತಹಸೀಲ್ದಾರ ಸಾಹೇಬರ ಸಹಿ ಹಾಕಿಸಿ ಕೈಗೆ ಕೊಟ್ಟು, "ನಿಮ್ಮ ತಂಗಿ ಮನಿಗಿ ಬರ್ಲಿ ಮಾನಪ್ಪಾ, ಬರೋರು ಯಾರರೆ ಬರ್ಲಿ" ಎಂದ. ನಾನು ತಲೆ ತಗ್ಗಿಸಿ ತೆಗೆದುಕೊಂಡೆ. ಅದು ಈಗ ಬೀಜದ ಜೋಳದ ಗಡಿಗೆಯಲ್ಲಿದೆ. ನೀನು ಬಂದು ಬಾಲಮ್ಮನನ್ನು ಕರೆದುಕೊಂಡರೆ ಮಲಕಮ್ಮ ಬದುಕುವುದಿಲ್ಲ. ಕಳಿಸದೆ ಇದ್ದರೆ ನಾನು ಮನುಷ್ಯನೇ ಅಲ್ಲ. ಮೈಲಾರಲಿಂಗ ನನಗೆ ಏನು ಮಾಡುತ್ತಾನೋ ಮಾಡಲಿ.


ಹಟ್ಟಿ
೧೪ ಆಗಸ್ಟ್ ೧೯೪೯

ತಂಗಿಗೆ ಆಶೀರ್ವಾದ.

ತಹಸೀಲಿಗೆ ಹೋಗಿದ್ದೆ. ಎಲ್ಲ ಹೊಸ ಅಧಿಕಾರಿಗಳು, ಹಳೆಯ ದಫ್ತರ ಉರ್ದುವಿನಲ್ಲಿದೆ, ಇನ್ನೂ ಹೊಂದಿಸುತ್ತಿದ್ದಾರೆ. ಸ್ವಲ್ಪ ತಡೆಯಬೇಕು ಎಂದರು. ಈ ಕಡೆ ಇನ್ನೂ ಪೂರಾ ಶಾಂತ ಆಗಿಲ್ಲ, ಹೆಣ್ಣುಮಗಳು ಒಬ್ಬಳೇ ಬರುವಂತಿಲ್ಲ. ನೀನು ಅಲ್ಲಿ ಸುಖವಾಗಿರುವೆ ಎಂಬುದೇ ನಮಗೆ ಧೈರ್ಯ. ಬಾಲಮ್ಮ ಅರಾಮ.

ಮಾನಪ್ಪ


ವೆದರ್‌ಬೋರ್ನ್
೧೬ ಏಪ್ರಿಲ್ ೧೯೫೦

ಅಣ್ಣನಿಗೆ ನಮಸ್ಕಾರ.

ಕುರಿ ಈಯುವ ಕಾಲ. ಒಂದು ತಿಂಗಳಿಂದ ಸರಿಯಾಗಿ ಮಲಗಿಲ್ಲ. ಜೋಬನಿಗೆ ಎಪ್ಪತ್ತೆಂಟು, ಬಗ್ಗಿದರೆ ಏಳಲಾರ. ನನ್ನ ಕೈ ಸಣ್ಣದು, ಅಡ್ಡ ನಿಂತ ಮರಿಗಳನ್ನೆಲ್ಲ ನಾನೇ ತಿರುಗಿಸಿ ತೆಗೆಯುತ್ತೇನೆ. ಊರಿನ ರೈತರು ಈಗ ನನ್ನನ್ನು ಕರೆಯಲು ಬರುತ್ತಾರೆ. ನಾನು ಕುರಿಯವರ ಮಗಳು ಎಂದು ಇವರಿಗೆ ಈಗ ತಿಳಿದಿದೆ, ನಗುವುದಿಲ್ಲ.

ಒಂದು ಹೊಸ ವಿದ್ಯೆ ಕಲಿತೆ, ಅದನ್ನು ಬರೆಯಲೇಬೇಕು. ಮೊನ್ನೆ ಒಂದು ದಷ್ಟಪುಷ್ಟ ಕುರಿಗೆ ಸತ್ತ ಮರಿ ಹುಟ್ಟಿತು. ಕೆಚ್ಚಲು ತುಂಬಿ ಹಾಲು ಸೋರುತ್ತಿತ್ತು, ಸತ್ತ ಮರಿಯನ್ನು ನೆಕ್ಕಿ ನೆಕ್ಕಿ ಕೂಗುತ್ತಿತ್ತು. ಅದೇ ಕುರಿದಡ್ಡಿಯಲ್ಲಿ ಇನ್ನೊಂದು ಬಡಕಲು ಕುರಿ, ಎದ್ದು ನಿಲ್ಲಲಾರದು, ಹನಿ ಹಾಲಿಲ್ಲ, ಅದರ ಮರಿ ಹಸಿದು ಸಾಯುತ್ತಿತ್ತು. ನಾವಾದರೆ ಕುರಿಯ ಕಾಲು ಕಟ್ಟಿ ಹಿಡಿದು ಬೇರೆ ಮರಿಗೆ ಕುಡಿಸುತ್ತೇವೆ, ಅದು ಒದೆಯುತ್ತದೆ. ಜೋಬ್ ಏನು ಮಾಡಿದ ಗೊತ್ತೇ? ಸತ್ತ ಮರಿಯ ತೊಗಲನ್ನು ಸುಲಿದು ಕಾಲಿಗೆ ನಾಲ್ಕು ತೂತು ಬಿಟ್ಟು, ಅಂಗಿ ತೊಡಿಸಿದ ಹಾಗೆ ಹಸಿದ ಮರಿಗೆ ಹೊದಿಸಿದ. ಆ ತಾಯಿ ಮೂಸಿ ನೋಡಿತು, ತನ್ನದೇ ವಾಸನೆ. ತಡೆಯದೆ ಕುಡಿಸಿತು. ಮೂರನೆಯ ದಿನ ತೊಗಲು ತೆಗೆದುಹಾಕಿದೆವು. ಅಷ್ಟರಲ್ಲಿ ಮರಿ ಅದರದ್ದೇ ಆಗಿತ್ತು, ತೊಗಲಿನ ಗರಜು ಇರಲಿಲ್ಲ.

ಹೆತ್ತ ಬಡಕಲು ಕುರಿ ಒಂದು ದಿನ ಕೂಗಿತು. ಮರುದಿನ ಮೇವಿಗೆ ಬಾಯಿ ಹಾಕಿತು. ಕೊಡದಿದ್ದರೆ ಮರಿಯೂ ಸಾಯುತ್ತಿತ್ತು, ಹಾಲು ಕಟ್ಟಿ ಆ ದಷ್ಟಪುಷ್ಟ ಕುರಿಯೂ ಸಾಯುತ್ತಿತ್ತು ಎಂದು ಜೋಬ್ ಹೇಳಿದ. ನನಗೂ ನೋಡಿ ಸಮಾಧಾನವಾಯಿತು. ಇದನ್ನು ಅತ್ತಿಗೆಗೆ ತಪ್ಪದೆ ಓದಿ ಹೇಳು. ಇಂಥದ್ದು ನಮ್ಮಿಬ್ಬರಿಗಿಂತ ಅವಳಿಗೆ ಚೆನ್ನಾಗಿ ತಿಳಿಯುತ್ತದೆ.

ಕಣ್ಣು ಎಳೆಯುತ್ತಿದೆ. ಬಾಲಮ್ಮನಿಗೆ ಮುತ್ತು.

ಅಂಬವ್ವ


ಹಟ್ಟಿ
೪ ಜೂನ್ ೧೯೫೦

ನನ್ನ ತಂಗಿ, ನನ್ನ ತಾಯಿ ಅಂಬವ್ವನಿಗೆ.

ನಿನ್ನ ಕಾಗದವನ್ನು ಕಣ್ಣಿಗೆ ಒತ್ತಿಕೊಂಡೆ. ಬಾಯಿ ಬಿಟ್ಟು ಬೈಯುವ ಅಧಿಕಾರ ನಿನಗಿತ್ತು. ನೀನು ಬೈಯಲಿಲ್ಲ, ಕುರಿಯ ಮಾತು ಹೇಳಿ ನಮ್ಮ ಮಾನ ಉಳಿಸಿದೆ. ಯಾರು ನಿನಗೆ ತಿಳಿಸಿದರೋ ನಾನು ಕೇಳುವುದಿಲ್ಲ. ಶಿಬಿರದಲ್ಲಿ ಇದ್ದ ನೂರು ಜನರಲ್ಲಿ ಯಾರೋ ಯಾದಗಿರಿಯಲ್ಲಿ ಹೇಳಿರಬೇಕು, ಅದು ಹೇಗೋ ನಿನ್ನವರೆಗೆ ಮುಟ್ಟಿರಬೇಕು. ಸತ್ತ ಮರಿ ಎಂದು ಓದಿದಾಗಲೇ ನನಗೆ ತಿಳಿಯಿತು, ನಿನಗೆ ಎಲ್ಲ ಗೊತ್ತಾಗಿದೆ ಎಂದು. ಶಿಬಿರದಲ್ಲಿ ನಮ್ಮ ಕೂಸು ಸತ್ತೇ ಹುಟ್ಟಿತು ಅಂಬವ್ವ. ನಿನಗೆ ಬರೆಯುವ ಧೈರ್ಯ ಆಗಲಿಲ್ಲ. ಬಾಲಮ್ಮ ಆಗ ಅವ್ವಾ ಎಂದು ಕರೆಯದಿದ್ದರೆ ಮಲಕಮ್ಮ ಇಂದು ಇರುತ್ತಿರಲಿಲ್ಲ.

ನೀನು ಹೇಳಿದಂತೆ ಅವಳಿಗೆ ಓದಿ ಹೇಳಿದೆ. ಎರಡು ಸಲ ಓದಿಸಿದಳು. ಮೂರನೆಯ ದಿನ ತೊಗಲು ತೆಗೆದ ಮಾತಿಗೆ ಬಂದಾಗ ಎದ್ದು, ನೀನಿರುವ ದಿಕ್ಕಿಗೆ ನೆಲಕ್ಕೆ ಹಣೆ ಹಚ್ಚಿದಳು. "ಆಕಿ ಕೊಟ್ಟಾಳ. ತಾನಾಗೇ ಕೊಟ್ಟಾಳ" ಎಂದು ಎಷ್ಟೋ ಹೊತ್ತು ಅತ್ತಳು. ಈ ಸಲ ನೀನು ತಹಸೀಲಿನ ಕಾಗದ ಕೇಳಲೂ ಇಲ್ಲ, ಅದನ್ನೂ ನಾನು ಗಮನಿಸಿದೆ. ಅದು ಹೋದ ಆಗಸ್ಟಿನಿಂದ ನನ್ನ ಮನೆಯಲ್ಲೇ ಇದೆ. ಕಳಿಸದೆ ಸುಳ್ಳು ಬರೆದೆ. ಇನ್ನು ಬೇಕಾಗಿಲ್ಲ ಎಂದು ನೀನೇ ತೀರ್ಮಾನಿಸಿದ ಮೇಲೆ ನನ್ನ ಎದೆಯ ಭಾರ ಇಳಿಯಿತು. ನಿನ್ನಂಥ ತಂಗಿ ಯಾರಿಗೂ ಇಲ್ಲ.

ಮಾನಪ್ಪ


ವೆದರ್‌ಬೋರ್ನ್
೨ ಜುಲೈ ೧೯೫೦

ಮಾನಪ್ಪ,

ನಾನು ಕುರಿಯ ಸಂಗತಿ ಬರೆದೆ. ಕುರಿಯದ್ದಷ್ಟೇ. ನನಗೆ ಯಾರೂ ಏನೂ ಹೇಳಿರಲಿಲ್ಲ. ಅಣ್ಣನೂ ಕುರಿಯವನು, ಓದಿ ಖುಷಿಪಡುತ್ತಾನೆ ಎಂದು ನಿದ್ದೆಗಣ್ಣಿನಲ್ಲಿ ಬರೆದೆ. ಕಾಗದ ಕೇಳಲಿಲ್ಲ, ಯಾಕೆಂದರೆ ಅದಕ್ಕೂ ಮೊದಲು ಆರು ಸಲ ಕೇಳಿದ್ದೆ, ನಿನಗೆ ತ್ರಾಸು ಕೊಡುತ್ತಿದ್ದೇನೆ ಎಂದು ನಾಚಿಕೆಯಾಗಿತ್ತು.

ನಾನು ಕೊಟ್ಟಿಲ್ಲ. ನೀನು ನನ್ನನ್ನು ಕೇಳದೆ ತೆಗೆದುಕೊಂಡೆ.

ನೀನೂ ಸುಳ್ಳು ಬರೆದೆ, ನಾನೂ ಬರೆದೆ, ನನ್ನದನ್ನೂ ಕೇಳು. ಬೆಚ್ಚಗಿನ ಕೋಣೆ ಇಲ್ಲ. ಕುದುರೆ ಲಾಯದ ಪಕ್ಕದ ಕೋಣೆಯಲ್ಲಿ ಮಲಗುತ್ತೇನೆ. ಚಳಿಗಾಲದಲ್ಲಿ ಹಿಮದೊಳಗಿಂದ ಕುರಿಯ ಮೇವಿನ ಗಡ್ಡೆ ಕೀಳುತ್ತೇನೆ, ಬೆರಳು ಒಡೆದು ರಕ್ತ ಬರುತ್ತದೆ. ಹೋದ ವರ್ಷ ಎದೆಯಲ್ಲಿ ನೀರು ಕಟ್ಟಿ ಒಂದು ತಿಂಗಳು ಮಲಗಿದ್ದೆ. ಜೋಬ್ ತಾತ ಚಮಚದಲ್ಲಿ ಗಂಜಿ ಕುಡಿಸಿದ. ಆ ಒಂದು ತಿಂಗಳೂ ನಾನು ಅಂದುಕೊಂಡದ್ದು, ಸುರಪುರದ ಕಾಗದ ಇಂದು ಬರುತ್ತದೆ, ನಾಳೆ ಬರುತ್ತದೆ ಎಂದು. ಅದು ನಿನ್ನ ಜೋಳದ ಗಡಿಗೆಯಲ್ಲೋ ಪೆಟ್ಟಿಗೆಯಲ್ಲೋ ಮಲಗಿತ್ತು.

ಅತ್ತಿಗೆಯ ಕೂಸಿಗಾಗಿ ನನಗೆ ಕರುಳು ಕಿತ್ತು ಬರುತ್ತಿದೆ. ಬರೆದಿದ್ದರೆ ಅವಳೊಂದಿಗೆ ನಾನೂ ಅಳುತ್ತಿದ್ದೆ. ಆದರೆ ಬಾಲಮ್ಮ ನನ್ನ ಮಗಳು. ಕಾಗದ ಕಳಿಸು. ಅವಳಿಗೆ ನಿಜ ಹೇಳು, ನಿನ್ನ ಅವ್ವ ಬರುತ್ತಾಳೆ ಎಂದು ಹೇಳು.

ಅಂಬವ್ವ


ಹಟ್ಟಿ
೧೦ ಸೆಪ್ಟೆಂಬರ್ ೧೯೫೦

ಅಂಬವ್ವನಿಗೆ.

ಕಾಗದವನ್ನು ಇದರೊಳಗೆ ಇಟ್ಟು ರಿಜಿಸ್ಟರ್ ಮಾಡಿದ್ದೇನೆ. ನನ್ನನ್ನು ಅಣ್ಣ ಎಂದು ಕರೆ ಎಂದು ಕೇಳುವ ಮುಖ ನನಗಿಲ್ಲ.

ಮಲಕಮ್ಮನೇ ಬಾಲಮ್ಮನಿಗೆ ಹೇಳಿದಳು. ನಾನು ಹೇಳಲು ಹೋದರೆ ನನ್ನನ್ನು ಹೊರಗೆ ಕಳಿಸಿದಳು. ಬಾಗಿಲ ಆಚೆ ನಿಂತು ಕೇಳಿದೆ. ನಿನ್ನನ್ನು ಹೆತ್ತವಳು ಅಂಬವ್ವ, ದೂರದ ದೇಶದಲ್ಲಿದ್ದಾಳೆ, ನಿನ್ನನ್ನು ಕರೆದುಕೊಂಡು ಹೋಗಲು ಬರುತ್ತಾಳೆ ಎಂದಳು. ಹುಡುಗಿ ಕೇಳಿದಳು, "ಆಕಿ ಬಂದ್ರ ನೀ ಎಲ್ಲಿಗಿ ಹೋಗ್ತಿ?"

ಆ ದಿನ ದಡ್ಡಿಯಲ್ಲಿ ಮರಿಗಳ ನಡುವೆ ಹೋಗಿ ಕೂತವಳು ಕರೆದರೂ ಊಟಕ್ಕೆ ಬರಲಿಲ್ಲ. ಈಗ ಉಣ್ಣುತ್ತಾಳೆ, ಆದರೆ ಮಲಕಮ್ಮ ನೀರಿಗೆ ಹೋದರೂ ಸೀರೆ ಹಿಡಿದುಕೊಂಡೇ ಹೋಗುತ್ತಾಳೆ. ಎಂಟು ವರ್ಷದವಳು, ಮೂರು ವರ್ಷದವಳ ಹಾಗೆ. ಹಾದಿಯಲ್ಲಿ ಹೊಸಬರು ಯಾರು ಬಂದರೂ ಒಳಗೆ ಓಡಿ ಕಣಜದ ಹಿಂದೆ ಅಡಗುತ್ತಾಳೆ. ನೀನು ಬಂದೆ ಎಂದು ತಿಳಿಯುತ್ತಾಳೆ. ಇದನ್ನು ಬರೆದು ನಿನ್ನ ಮನಸ್ಸು ತಿರುಗಿಸುತ್ತಿದ್ದೇನೆ ಎಂದುಕೊಳ್ಳಬೇಡ. ಮುಚ್ಚಬೇಡ ಎಂದು ನೀನು ಹೇಳಿದ್ದೆ, ಈ ಸಲ ಮುಚ್ಚುತ್ತಿಲ್ಲ.

ಮಲಕಮ್ಮ ಬಾಲಮ್ಮನ ಲಂಗ, ಕುಪ್ಪಸ ಎಲ್ಲ ಒಗೆದು ಗಂಟು ಕಟ್ಟಿ ಇಟ್ಟಿದ್ದಾಳೆ. ಅವಳು ಹೇಳಿದ್ದನ್ನು ಹಾಗೇ ಬರೆಯುತ್ತೇನೆ: "ಹಡದಾಕಿ ಆಕಿ. ನಾ ಬ್ಯಾಡ ಅನ್ನಂಗಿಲ್ಲ. ಬಂದು ಕರಕೊಂಡು ಹೋಗ್ಲಿ. ನನ್ನ ಕಣ್ಣ ಮುಂದ ಮಾತ್ರ ಕರಕೊಂಡು ಹೋಗಬ್ಯಾಡ ಅಂತ ಬರಿ."

ಮಾನಪ್ಪ


ವೆದರ್‌ಬೋರ್ನ್
೭ ಜನವರಿ ೧೯೫೧

ಮಾನಪ್ಪನಿಗೆ.

ಹೊಸ ಪಾಸ್‌ಪೋರ್ಟ್ ಬಂದಿದೆ. ಶುಕ್ರವಾರ ಹಡಗು. ಮುಂಬಯಿ ಮುಟ್ಟಿ ಫೆಬ್ರವರಿ ಮೂರರ ಮದ್ರಾಸ್ ಮೇಲ್ ರೈಲಿಗೆ ಯಾದಗಿರಿಯಲ್ಲಿ ಇಳಿಯುತ್ತೇನೆ.

ಜೋಬ್ ತಾತ ನವೆಂಬರಿನಲ್ಲಿ ತೀರಿಕೊಂಡ. ಇಲ್ಲಿ ಒಂದು ಪದ್ಧತಿ ಇದೆ, ಕುರುಬ ಸತ್ತರೆ ಪೆಟ್ಟಿಗೆ ಮುಚ್ಚುವ ಮೊದಲು ಅವನ ಕೈಯಲ್ಲಿ ಒಂದು ಹಿಡಿ ಉಣ್ಣೆ ಇಡುತ್ತಾರೆ. ಭಾನುವಾರ ಚರ್ಚಿಗೆ ಯಾಕೆ ಬರಲಿಲ್ಲ ಎಂದು ಮೇಲೆ ದೇವರು ಕೇಳಿದರೆ, ಕುರಿ ಬಿಟ್ಟು ಬರಲಾಗಲಿಲ್ಲ ಎಂದು ತೋರಿಸಲಿಕ್ಕೆ. ಅವನಿಗೆ ಮಕ್ಕಳು ಉಳಿದಿಲ್ಲವಲ್ಲ, ಪಾದ್ರಿಗಳು ಉಣ್ಣೆಯನ್ನು ನನ್ನ ಕೈಗೆ ಕೊಟ್ಟರು. ನಾನು ಇಟ್ಟೆ. ಊರಿನವರು ಯಾರೂ ಬೇಡ ಎನ್ನಲಿಲ್ಲ.

ತಹಸೀಲಿನ ಕಾಗದ ಬಂದ ದಿನದಿಂದ ನಾನು ಯೋಚಿಸಿದ್ದು ಒಂದೇ. ಸ್ಟೇಷನ್ನಿನಲ್ಲಿ ನನ್ನನ್ನು ನೋಡಿ ನನ್ನ ಮಗಳು ಅಡಗಿಕೊಳ್ಳುತ್ತಾಳೆ. ಅದನ್ನು ನಾನು ತಾಳಲಾರೆ. ಸಾಹೇಬರ ಕೂಸಿನ ಬೆರಳನ್ನು ನನ್ನ ಸೆರಗಿನಿಂದ ಬಿಡಿಸಿದವಳು ನಾನು, ಆ ಬೆರಳಿಗೆ ಎಷ್ಟು ಬಲ ಇರುತ್ತದೆ ಎಂದು ನನಗೆ ಗೊತ್ತು. ಬಾಲಮ್ಮನ ಬೆರಳನ್ನು ಮಲಕಮ್ಮನ ಸೀರೆಯಿಂದ ನನ್ನ ಕೈಯಿಂದ ಬಿಡಿಸಲು ಆಗುವುದಿಲ್ಲ.

ನಿನ್ನನ್ನು ಕ್ಷಮಿಸಿದ್ದೇನೆ ಎಂದು ತಿಳಿಯಬೇಡ. ಕ್ಷಮಿಸುತ್ತೇನೋ ಇಲ್ಲವೋ ಗೊತ್ತಿಲ್ಲ. ಆದರೆ ನೀನು ನನಗೆ ಒಂದು ವರ್ಷ ಸುಳ್ಳು ಬರೆದೆ, ಈಗ ನನಗಾಗಿ ಒಂದು ಸುಳ್ಳು ಹೇಳಬೇಕು. ಬಾಲಮ್ಮನನ್ನು ಕರೆದು ಹೇಳು, ಆ ದಿನ ಹೇಳಿದ್ದು ನಿಜವಲ್ಲ, ನಿನ್ನವ್ವ ಮಲಕಮ್ಮನೇ, ಬರುವವಳು ನಿಮ್ಮಪ್ಪನ ತಂಗಿ, ಯಾರನ್ನೂ ಕರೆದುಕೊಂಡು ಹೋಗಲು ಬರುತ್ತಿಲ್ಲ. ಅವಳು ನಂಬುತ್ತಾಳೆ. ನಂಬಬೇಕೆಂದೇ ಕಾಯುತ್ತಿದ್ದಾಳೆ. ಅತ್ತಿಗೆಗೆ ಆ ಬಟ್ಟೆಯ ಗಂಟು ಬಿಚ್ಚಲು ಹೇಳು.

ನಾನು ಹಟ್ಟಿಯಲ್ಲೇ ಇರುತ್ತೇನೆ, ಬೇರೆ ಒಲೆ ಹೂಡುತ್ತೇನೆ. ಅವಳು ಬಂದರೆ ರೊಟ್ಟಿ ಕೊಡುತ್ತೇನೆ. ಬರದಿದ್ದರೆ ನಾನಾಗಿ ಕರೆಯುವುದಿಲ್ಲ. ಹಡಗಿನಲ್ಲಿ ಹದಿನೆಂಟು ದಿನ ಇದೆ, ಆ ಹೆಸರನ್ನು ರೂಢಿ ಮಾಡಿಕೊಳ್ಳುತ್ತೇನೆ.

ಬಾಲಮ್ಮನ ಅತ್ತಿ
ಅಂಬವ್ವ